ಫ್ರೀಸ್‌ಲ್ಯಾಂಡ್ ನೋಡಿ ಬಂದ ದನದ ಡಾಕ್ಟರು

ದನದ ಡಾಕ್ಟರು ಹೋದ ತಿಂಗಳು ಸತ್ತರು. ‘ತೀರಿಕೊಂಡರು ಅನ್ನಬೇಕು’ ಎಂದು ಪಕ್ಕದ ಬೀದಿಯ ಸ್ಕೂಲ್ ಮೇಡಂ ನನ್ನನ್ನು ತಿದ್ದಿದರು. ಹೇಗೆ ಅಂದರೂ ಮನುಷ್ಯ ವಾಪಸ್ಸು ಬರುವುದಿಲ್ಲ.

ನೋಡಲು ಹೋದಾಗ ಅವರಿಗೆ ತುಂಬು ತೋಳಿನ ಅಂಗಿ ಹಾಕಿ ಮಲಗಿಸಿದ್ದರು. ನನಗೆ ಬೇರೆ ಯಾರದೋ ಹೆಣ ಅನ್ನಿಸಿತು. ಅವರ ಯಾವ ಅಂಗಿಗೂ ಎಡಗಡೆಯ ತೋಳು ಇರುತ್ತಿರಲಿಲ್ಲ. ಹೊಸ ಅಂಗಿ ತಂದ ದಿನವೇ ಕತ್ತರಿ ಹಿಡಿದು ಭುಜದ ಹತ್ತಿರ ಕತ್ತರಿಸಿಬಿಡುತ್ತಿದ್ದರು. ಎಡಗೈಯನ್ನು ಹಸುವಿನ ಹಿಂದಿನಿಂದ ಕಂಕುಳವರೆಗೆ ತೂರಿಸಿ, ಗಬ್ಬವಾಗಿದೆಯೋ ಇಲ್ಲವೋ ನೋಡುವುದು ಅವರ ಕೆಲಸ. ತೋಳಿದ್ದರೆ ಹಾಳಾಗುತ್ತದೆ. ಮದುವೆ ಮನೆಗೂ ಒಂದೇ ತೋಳಿನಲ್ಲಿ ಬಂದದ್ದನ್ನು ನೋಡಿದ್ದೇನೆ. ಕೇಳಿದರೆ, ‘ಊಟದ ನಡುವ ಯಾರರ ಕರದ್ರ ಏನ್ ಮಾಡೂದ್ರಿ ಅಕ್ಕಾರ?’ ಎಂದರು.

ಹೆಣದ ಮುಂದೆ ಅವರ ಇಲಾಖೆಯವರೊಬ್ಬರು ಎದ್ದು ನಿಂತು, ಇವರು ಹಾಲೆಂಡ್ ದೇಶಕ್ಕೆ ಹೋಗಿ ತರಬೇತಿ ಪಡೆದು ಬಂದವರು ಎಂದರು. ಅದು ನಿಜ. ಆದರೆ ಅಲ್ಲಿ ಏನು ನೋಡಿ ಬಂದರು ಎಂದು ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದ ಕಡೆ ಓದುವವರು ಸರಿಮಾಡಿಕೊಳ್ಳಲಿ.

ನಾನು ಅಲ್ಲಾಳಸಂದ್ರಕ್ಕೆ ಮದುವೆಯಾಗಿ ಬಂದಾಗ ಕೆರೆಯವರೆಗೂ ರಾಗಿ ಹೊಲ. ಈಗ ನಮ್ಮ ಮನೆಯ ಎಡಕ್ಕೊಂದು ಅಪಾರ್ಟ್‌ಮೆಂಟು, ಬಲಕ್ಕೊಂದು ಅಪಾರ್ಟ್‌ಮೆಂಟು, ನಡುವೆ ನನ್ನ ಕೊಟ್ಟಿಗೆ. ಗಂಡ ಸತ್ತ ಮೇಲೆ ಹಸುಗಳು ಒಂದೊಂದಾಗಿ ಕಡಿಮೆಯಾಗಿ ಒಂದು ಸೀಮೆಹಸು ಉಳಿಯಿತು. ಕೊಟ್ಟಿಗೆ ಜಾಗ ಪಾಲಿನಲ್ಲಿ ನನ್ನ ಮೈದುನನಿಗೆ ಹೋಗಿದೆ. ಅವನಿಗೆ ಅಲ್ಲಿ ಅಂಗಡಿ ಮಳಿಗೆ ಕಟ್ಟಬೇಕು. ಹಿರಿಯರು ಕೂತು ಮಾತಾಡಿ, ‘ಆ ಹಸು ಇರೋ ತನಕ ಕೊಟ್ಟಿಗೆ ನಿನ್ನತ್ಗೆದು, ಆಮೇಲೆ ನಿಂದು’ ಎಂದು ತೀರ್ಮಾನ ಮಾಡಿದರು. ಹಾಗಾಗಿ ನನ್ನ ಬದುಕು ಒಂದು ಹಸುವಿನ ಬದುಕಿಗೆ ಗಂಟುಬಿದ್ದಿತು. ಹಾಲು ಕರೆಯದೆ ನಾನು ಬೆಳಿಗ್ಗೆ ಎದ್ದು ಏನು ಮಾಡಲಿ? ಟಿ.ವಿ. ನೋಡಲು ನನಗೆ ಬರುವುದಿಲ್ಲ.

ಡಾಕ್ಟರು ಬಾಗಲಕೋಟೆ ಕಡೆಯವರು. ಕೆಲಸಕ್ಕೆಂದು ಈ ಕಡೆ ಬಂದು ಮೊದಲು ಕೆಂಪಾಪುರದಲ್ಲಿ ಬಾಡಿಗೆಗಿದ್ದರು, ಆಮೇಲೆ ನಮ್ಮ ಹಿಂದಿನ ಬೀದಿಗೆ ಬಂದರು. ಅವರು ಹಸುವಿನೊಳಗೆ ಕೈ ಹಾಕಿದಾಗ ಒಂದು ಅಭ್ಯಾಸವಿತ್ತು. ಮುಖವನ್ನು ನನ್ನ ಕಡೆ ತಿರುಗಿಸಿ, ಏರಿಳಿತವಿಲ್ಲದ ಒಂದೇ ದನಿಯಲ್ಲಿ ಮಾತಾಡುತ್ತಾ ಇರುವುದು. ಮಾತು ನಿಂತರೆ ಹಸು ಬಿಗಿಯುತ್ತದೆ, ಹಸು ಬಿಗಿದರೆ ಕೈ ಹೋಗುವುದಿಲ್ಲ. ಬೇರೆ ಡಾಕ್ಟರುಗಳು ‘ಹೋ ಹೋ’ ಅನ್ನುತ್ತಾರೆ. ಇವರು ಹಾಲೆಂಡಿನ ಫ್ರೀಸ್‌ಲ್ಯಾಂಡ್ ಎಂಬ ಸೀಮೆಯ ಕತೆ ಹೇಳುತ್ತಿದ್ದರು.

‘ನಿಮ್ಮ ಎಚ್ಚೆಫ್ ಹಸುವಿನ ಹೆಸರಾಗ ಎಫ್ ಅಂದ್ರ ಆ ಫ್ರೀಸ್‌ಲ್ಯಾಂಡ್ ರೀ ಅಕ್ಕಾರ. ಇದರ ತವರುಮನಿ ಅದು.’

‘ಅದ್ಕೇನೋ ಇದು ಬಿಸ್ಲು ಬಂದ್ರೆ ಇಂಗೆ ಒದ್ದಾಡ್ತದೆ.’

‘ಅಲ್ಲೊಂದು ಪ್ಯಾಟಿಯಾಗ, ನಡುರಸ್ತೆದಾಗ, ಹಸುವಿಂದು ಕಂಚಿನ ಮೂರ್ತಿ ಐತ್ರಿ. ಕೆಳಗ ಏನ್ ಬರದಾರ ಗೊತ್ತೇನು? ನಮ್ಮವ್ವ ಅಂತ. ಅವರ ಸ್ವಂತ ಭಾಷಾದಾಗ. ಡಚ್ ಅಲ್ಲ, ಅವರದ ಬ್ಯಾರೆ ಭಾಷಾ ಐತಿ.’

‘ಪೂಜೆ ಮಾಡ್ತಾರಾ?’

‘ಇಲ್ರಿ.’

‘ತಿಂತಾರಾ?’

‘ತಿಂತಾರ್ರಿ.’

‘ಅವ್ವನ್ನಾ?’

ಡಾಕ್ಟರಿಗೆ ನಗು ಬಂದು ಹಸು ಬಿಗಿಯಿತು. ಕೈ ಒಳಗೆ ಸಿಕ್ಕಿಹಾಕಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ‘ನಗಸಬ್ಯಾಡ್ರಿ ಅಕ್ಕಾರ, ಕೈ ಮುರದ ಹೊಕ್ಕೈತಿ’ ಎಂದರು.

ಇಲಾಖೆಯವರು ನಾಲ್ಕಾರು ಜನರನ್ನು ಒಟ್ಟಿಗೆ ಕಳಿಸಿದ್ದಂತೆ. ಹಾಲು ಹೆಚ್ಚಿಸುವುದು ಹೇಗೆ ಎಂದು ಕಲಿತು ಬರಲು. ಭಾನುವಾರ ಬಂದರೆ ಉಳಿದವರು ಹೂವಿನ ತೋಟ, ಗಾಳಿಗಿರಣಿ, ಅಂಗಡಿ ಬೀದಿ ಎಂದು ಹೋಗುತ್ತಿದ್ದರು. ಇವರು ಬಾಡಿಗೆ ಸೈಕಲ್ಲು ಹತ್ತುತ್ತಿದ್ದರು. ‘ಅಲ್ಲೇನ್ ನೋಡೂದೈತಿ ಅಂತಾರಲ್ರೀ, ಅಲ್ಲಿಗೇ ಮೊದ್ಲ ಹೋಗಬೇಕು’ ಎನ್ನುವುದು ಅವರ ಮಾತು. ಹಾಗೆ ಹೋಗಿ ಅವರು ನೋಡಿದ ಜಾಗಗಳೋ, ದೇವರೇ ಗತಿ. ಒಂದು ಹಳ್ಳಿಯ ಇಗರ್ಜಿಯ ಕೆಳಗೆ ನೆಲಮಾಳಿಗೆ. ಅದರಲ್ಲಿ ಇಟ್ಟ ಹೆಣಗಳು ಕೊಳೆಯಲೇ ಇಲ್ಲವಂತೆ. ಯಾಕೆ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಪರೀಕ್ಷೆಗೆಂದು ಸತ್ತ ಹಕ್ಕಿಗಳನ್ನು ಚಾವಣಿಗೆ ನೇತುಹಾಕಿದರೆ ಅವೂ ಹಾಗೇ ಒಣಗಿ ನಿಂತವಂತೆ. ಇವರು ಮೆಟ್ಟಿಲಿಳಿದು ಹೋಗಿ ಅದನ್ನೆಲ್ಲ ನೋಡಿ, ಹೊರಗೆ ಬಂದು ಬುತ್ತಿ ಬಿಚ್ಚಿ ಊಟ ಮಾಡಿದರಂತೆ.

ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ ಹಾಲಿಗೆ ಬಂದಾಗ, ‘ಎಲ್ಲಾರೂ ಹಾಲೆಂಡಿಗೆ ಹೋಗಿ ಚಾಕ್ಲೇಟ್ ತಂದ್ರು. ನಮ್ಮವರು ಹೆಣಾ ನೋಡಿ ಬಂದ್ರು’ ಎಂದರು. ಸಿಟ್ಟಿನಲ್ಲೇ ಅಂದರು. ಅಂದಮೇಲೆ ಅವರಿಗೇ ನಗು ಬಂತು.

ನಾನು ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಅದು ಡಾಕ್ಟರಿಗೆ ಇಷ್ಟ. ಒಂದು ಊರಿನಲ್ಲಿ ಗೋಪುರ ಕಟ್ಟಲು ಶುರು ಮಾಡಿದಾಗಲೇ ವಾಲಿತಂತೆ. ವಾಲಿದ್ದನ್ನು ಸರಿಮಾಡೋಣ ಎಂದು ಮೇಲಿನ ಭಾಗವನ್ನು ನೆಟ್ಟಗೆ ಕಟ್ಟುತ್ತಾ ಹೋದರಂತೆ. ಹಾಗಾಗಿ ಅದು ವಾಲಿಯೂ ಇದೆ, ನಡುವೆ ಸೊಟ್ಟಗೂ ಇದೆ. ಕೊನೆಗೆ ಸಾಕಪ್ಪಾ ಎಂದು ಅರ್ಧಕ್ಕೇ ಬಿಟ್ಟರು. ಅದನ್ನು ನೋಡಲು ಜನ ಹೋಗುತ್ತಾರೆ ಎಂದಾಗ ನಾನು, ‘ಅದಕ್ಕೆ ಅಷ್ಟು ದೂರ ಯಾಕ್ ಓದ್ರಿ? ನಮ್ಮ ಬೀದಿ ಕೊನೆ ಬಿಲ್ಡಿಂಗು ನೋಡಿ’ ಎಂದೆ.

‘ನೋಡೇನ್ರಿ. ಅದಕ್ಕ ಇನ್ನೂ ಟಿಕೀಟ್ ಹಚ್ಚಿಲ್ಲ.’

ಇನ್ನೊಂದು ಸಲ ಉಣ್ಣೆ ಬಾಚುವವನ ಮನೆಯ ವಿಷಯ ಬಂತು. ಬಹಳ ಹಿಂದೆ ಗ್ರಹಗಳೆಲ್ಲ ಒಂದು ಕಡೆ ಸೇರಿ ಲೋಕ ಮುಳುಗುತ್ತದೆ ಎಂದು ಯಾರೋ ಪುಕಾರು ಹಬ್ಬಿಸಿದರಂತೆ. ಆಗ ಈ ಉಣ್ಣೆಯವನು, ಹಾಗೇನೂ ಆಗುವುದಿಲ್ಲ ಎಂದು ತೋರಿಸಲು ತನ್ನ ಮನೆಯ ನಡುಕೋಣೆಯ ಚಾವಣಿಯಲ್ಲೇ ಸೂರ್ಯ, ಭೂಮಿ, ಶನಿ ಎಲ್ಲವನ್ನೂ ಮರದ ಚಕ್ರಗಳಿಗೆ ಜೋಡಿಸಿ ತಿರುಗುವಂತೆ ಮಾಡಿದನಂತೆ. ಅದು ಇವತ್ತಿಗೂ ತಿರುಗುತ್ತಿದೆಯಂತೆ. ಡಾಕ್ಟರು ಅದರ ಕೆಳಗೆ ತಲೆಯೆತ್ತಿಕೊಂಡು ಕತ್ತು ನೋಯುವವರೆಗೆ ನಿಂತಿದ್ದರಂತೆ.

‘ಎಂಡ್ತಿ ಏನಂದ್ಲು?’ ಎಂದು ಕೇಳಿದೆ.

‘ಯಾರ ಹೇಂತಿ?’

‘ಅವಂದು. ಮನೆ ಚಾವಣಿ ಎಲ್ಲ ಕೊರೆದ್ರೆ ಎಂಡ್ತಿ ಸುಮ್ಕಿರ್ತಾಳಾ?’

ಡಾಕ್ಟರು ಕೈ ಹೊರಗೆ ತೆಗೆದು ಬಕೆಟ್ಟಿನ ನೀರಿಗೆ ಅದ್ದುತ್ತಾ, ‘ನೀವೊಬ್ಬರ ನೋಡ್ರಿ ಅದನ್ನ ಕೇಳಿದವರು’ ಎಂದರು. ಆ ಊರಲ್ಲಿ ಆಗ ಗೋಡೆಯ ಕಪಾಟಿನೊಳಗೆ ಮಲಗುತ್ತಿದ್ದರಂತೆ. ಆ ಯಂತ್ರದ ಗಡಿಯಾರದ ಲೋಲಕ ಸರಿಯಾಗಿ ಇವರು ಮಲಗುವ ಕಪಾಟಿನ ಮೇಲೇ ಇಳಿಯಬೇಕಾಗಿತ್ತು. ಹೆಂಡತಿ ಆಗುವುದಿಲ್ಲ ಎಂದಳಂತೆ. ಲೋಲಕವನ್ನು ಗಿಡ್ಡ ಮಾಡಿ, ಲೆಕ್ಕವನ್ನೆಲ್ಲ ಇನ್ನೊಮ್ಮೆ ಹಾಕಿದನಂತೆ. ‘ಸೂರ್ಯ ಚಂದ್ರರನ್ನ ತಿರುಗಿಸಿದವ ಹೇಂತಿ ಮುಂದ ಸೋತ’ ಎಂದರು. ಸೋಲಲಿಲ್ಲ, ಬುದ್ಧಿ ಬಂತು ಎಂದು ನಾನಂದೆ.

ನನಗೆ ಬಹಳ ದಿನ ತಲೆಯಲ್ಲಿ ಕೂತದ್ದು ದಿಬ್ಬದ ಕತೆ. ಆ ಸೀಮೆಯಲ್ಲಿ ಸಮುದ್ರಕ್ಕೆ ತಡೆಗೋಡೆ ಇಲ್ಲದ ಕಾಲದಲ್ಲಿ ನೀರು ಹೊಲಕ್ಕೆಲ್ಲ ನುಗ್ಗುತ್ತಿತ್ತು. ಅದಕ್ಕೆ ಜನ ಮಣ್ಣು, ಸಗಣಿ, ಮನೆಯ ಕಸ ಎಲ್ಲ ಒಟ್ಟಿ ಒಟ್ಟಿ ದಿಬ್ಬ ಮಾಡಿ ಅದರ ಮೇಲೆ ಊರು ಕಟ್ಟಿದರು.

‘ಅಂದ್ರೆ ತಿಪ್ಪೆ ಮ್ಯಾಲೆ ಊರು?’

‘ಸರಿ ಅಂದ್ರಿ. ತಿಪ್ಪಿ ಮ್ಯಾಲೆ ಊರು, ನಡುವ ಇಗರ್ಜಿ. ಮುಂದ ಸಮುದ್ರಕ್ಕ ಗ್ವಾಡಿ ಬಂತು. ದಿಬ್ಬದ ಕೆಲಸ ಮುಗೀತು. ಆಗ ಯಾರೋ ಅಂದ್ರು, ಈ ಮಣ್ಣು ಭಾರಿ ಗೊಬ್ಬರ ಐತಿ, ಮಾರೂಣು ಅಂತ. ದಿಬ್ಬಾ ಕಡದು ದೋಣ್ಯಾಗ ತುಂಬಿ ಮಾರಿದ್ರು. ಕಡಕೋತ ಕಡಕೋತ ಇಗರ್ಜಿ ಗ್ವಾಡಿ ತನಕ ಬಂದು ನಿಂತ್ರು. ಈಗ ಅದು ಮ್ಯಾಲ ಒಂದ ನಿಂತೈತಿ, ಸುತ್ತ ಕಡದ ದಂಡಿ.’

ಆಗ ನಮ್ಮ ಬಲಗಡೆಯ ಅಪಾರ್ಟ್‌ಮೆಂಟಿನ ಪಾಯ ತೆಗೆಯುತ್ತಿದ್ದರು. ನಮ್ಮ ಕೊಟ್ಟಿಗೆಯ ಗೋಡೆಯ ಪಕ್ಕದವರೆಗೂ ಅಗೆದು ಮಣ್ಣನ್ನು ಲಾರಿಯಲ್ಲಿ ಸಾಗಿಸುತ್ತಿದ್ದರು. ಡಾಕ್ಟರು ಆ ಕಡೆ ನೋಡಲೂ ಇಲ್ಲ. ಅವರು ಕತೆಯನ್ನು ಬುದ್ಧಿ ಹೇಳಲು ಬಳಸಿದವರಲ್ಲ. ಕಂಡದ್ದು ಹೇಳಿದರು, ಕೈ ತೊಳೆದರು, ಹೋದರು.

ಈ ದಿಬ್ಬದ ಕತೆಯನ್ನು ಅವರು ತಮ್ಮ ಆಫೀಸಿನಲ್ಲಿ ಹೇಳಿ ಕೆಟ್ಟಿದ್ದರು. ತರಬೇತಿ ಮುಗಿಸಿ ಬಂದ ಮೇಲೆ ಎಲ್ಲರೂ ತಾವು ಕಲಿತದ್ದನ್ನು ಸಭೆಯಲ್ಲಿ ಹೇಳಬೇಕಾಗಿತ್ತು. ಉಳಿದವರು ಹಾಲು, ಹಿಂಡಿ, ಯಂತ್ರ ಎಂದು ಹೇಳಿದರು. ಇವರು ಎದ್ದು ದಿಬ್ಬ ಶುರುಮಾಡಿದರು. ದೊಡ್ಡ ಸಾಹೇಬರು ನಡುವೆಯೇ ‘ಸಾಕು, ಕೂತ್ಕೊಳ್ಳಿ’ ಎಂದರಂತೆ. ಅಲ್ಲಿಂದ ಮುಂದೆ ಅವರನ್ನು ಯಾರೂ ಏನೂ ಕೇಳಲಿಲ್ಲ. ಒಮ್ಮೆ ನನಗೆ, ‘ನಿಮಗ ಹೇಳಿದಷ್ಟು ನಾ ಯಾರಿಗೂ ಹೇಳಿಲ್ರಿ. ಹಸು ಕಟ್ಟಿಹಾಕಿರ್ತೀರಿ, ನೀವೂ ಹಗ್ಗ ಬಿಟ್ಟು ಓಡಿಹೋಗಂಗಿಲ್ಲ’ ಎಂದರು.

ಆಮೇಲೆ ಅವರಿಗೆ ನಮ್ಮೂರನ್ನೂ ನೋಡಬೇಕೆನ್ನಿಸಿತು. ನಿಮ್ಮಲ್ಲಿ ಏನಿದೆ ಎಂದು ಕೇಳಿದರು. ಏನೂ ಇಲ್ಲ, ಒಂದು ಕೆರೆಯಿದೆ, ಅದನ್ನು ಎಲ್ಲರೂ ನೋಡುತ್ತಾರೆ ಎಂದೆ. ‘ಯಾರೂ ನೋಡದಿದ್ದದ್ದು ಹೇಳ್ರಿ’ ಎಂದು ಪೀಡಿಸಿದರು. ದನ ಮೈ ತುರಿಸಿಕೊಳ್ಳಲು ಹಿಂದಿನವರು ನೆಟ್ಟ ಒಂದು ಕಲ್ಲು ನೆನಪಾಯಿತು. ಅದೀಗ ಒಂದು ಅಪಾರ್ಟ್‌ಮೆಂಟಿನ ಗೇಟಿನೊಳಗೆ ಸೇರಿದೆ. ಅವರು ಅದರ ತಲೆಯ ಮೇಲೆ ಹೂವಿನ ಕುಂಡ ಇಟ್ಟಿದ್ದಾರೆ. ವಾಚ್‌ಮನ್ ಬಿಡಲಿಲ್ಲ. ‘ಯಾವ ಫ್ಲ್ಯಾಟು?’ ಎಂದ. ‘ಕಲ್ಲಿನ ಕಡಿಯವರು’ ಎಂದರು ಡಾಕ್ಟರು. ಹೇಗೋ ಒಳಗೆ ಹೋದೆವು. ಎಷ್ಟು ತಲೆಮಾರಿನ ದನ ಮೈ ಉಜ್ಜಿದ್ದವೋ, ಕಲ್ಲು ಎಣ್ಣೆ ಹಚ್ಚಿದ ಹಾಗೆ ನುಣ್ಣಗಿತ್ತು. ಡಾಕ್ಟರು ಅದರ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತರು.

‘ಇದು ಅಲ್ಲಿದ್ರ ಒಂದು ಬೋರ್ಡ್ ಹಾಕಿ, ಸೈಕಲ್ ನಿಲ್ಸಾಕ ಜಾಗಾ ಮಾಡಿರ್ತಿದ್ರು’ ಎಂದರು.

‘ಬೋರ್ಡು ಆಕಿದ್ರೆ ದನದ ತುರಿಕೆ ಓಯ್ತದಾ?’ ಎಂದೆ.

ನಿವೃತ್ತಿಯಾದ ಮೇಲೆ ಅವರ ಎಡ ಭುಜ ಕೈಕೊಟ್ಟಿತು. ಜೀವಮಾನವೆಲ್ಲ ಹಸುಗಳು ಹಿಂಡಿದ ತೋಳು ಅದು. ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಬರುತ್ತಿದ್ದರು, ಹಸುವಿನ ಬೆನ್ನು ಸವರುತ್ತಿದ್ದರು, ಬಕೆಟ್ಟು ಬೋರಲು ಹಾಕಿ ಕೂರುತ್ತಿದ್ದರು. ಕತೆ ಮಾತ್ರ ನಿಂತುಹೋಯಿತು. ಹೇಳಿ ಎಂದರೆ, ‘ಕೈ ಹೊರಗಿದ್ರ ಮಾತು ಬರಂಗಿಲ್ರಿ’ ಎನ್ನುತ್ತಿದ್ದರು.

ಹಸು ಆ ವರ್ಷ ಗಬ್ಬವಾಗಿತ್ತು. ಒಂದು ಮಧ್ಯಾಹ್ನ ನಾನು ಬೂಸಾ ತರಲು ಹೋಗಿ ಬರುವಷ್ಟರಲ್ಲಿ ನೋವು ಶುರುವಾಗಿ, ಕರುವಿನ ಎರಡು ಗೊರಸು ಹೊರಗೆ ಕಂಡಿವೆ. ಮೈದುನ ನೋಡಿದ್ದಾನೆ. ಪಕ್ಕದ ಕಟ್ಟಡದ ಕೂಲಿಯವರಿಬ್ಬರನ್ನು ಕರೆದು, ಗೊರಸಿಗೆ ಹಗ್ಗ ಕಟ್ಟಿ ಎಳೆಸಿದ್ದಾನೆ. ಬೇಕೆಂದೇ ಮಾಡಿದ ಎಂದು ನಾನು ಹೇಳುವುದಿಲ್ಲ. ಕಾಲು ಕಂಡರೆ ಎಳೆಯುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಆದರೆ ಕರುವಿನ ತಲೆ ಹೊರಗಡೆಗೆ ಇರಲಿಲ್ಲ, ಹಿಂದಕ್ಕೆ ಹೊರಳಿತ್ತು. ಎಳೆದಷ್ಟೂ ಅದು ಒಳಗೆ ಕಚ್ಚಿಕೊಂಡಿದೆ. ನಾನು ಬಂದಾಗ ಹಸು ನೆಲಕ್ಕೆ ಬಿದ್ದಿತ್ತು, ನಾಲಿಗೆ ಹೊರಗಿತ್ತು.

ಆಸ್ಪತ್ರೆಯ ಹೊಸ ಡಾಕ್ಟರು ಬಾಗಲೂರಿನಾಚೆ ಎಲ್ಲೋ ಇದ್ದರು. ಬರುವುದು ಸಂಜೆಯಾಗುತ್ತದೆ ಎಂದರು. ನಾನು ಹಿಂದಿನ ಬೀದಿಗೆ ಓಡಿದೆ. ನಮ್ಮ ಡಾಕ್ಟರು ಊಟದ ತಟ್ಟೆ ಬಿಟ್ಟು ಎದ್ದು ಬಂದರು.

ಹಗ್ಗ ಬಿಚ್ಚಿಸಿದರು. ಮಂಡಿಯೂರಿ ಕೂತು ಎಡಗೈ ಎತ್ತಲು ನೋಡಿದರು. ಏಳಲಿಲ್ಲ. ಬಲಗೈ ಹಾಕಿ ಸ್ವಲ್ಪ ಹೊತ್ತು ತಡಕಾಡಿ ತೆಗೆದರು. ‘ತಲಿ ಹೊರಳೇತಿ. ಆದ್ರ ಈ ಕೈಗೆ ಕಣ್ಣಿಲ್ರಿ’ ಎಂದರು. ಆಮೇಲೆ ನನ್ನ ಕೈ ನೋಡಿದರು. ‘ಉಗರ ಕತ್ತರಿಸ್ಕೋರಿ ಅಕ್ಕಾರ. ಸಬಕಾರದ ನೀರು, ಎಣ್ಣಿ ತರ್ರಿ. ನೀವ ಹಾಕ್ಬೇಕು.’

‘ನಾನಾ?’

‘ನಿಮ್ಮ ಕೈ ಸಣ್ಣದೈತಿ.’

ಮೈದುನ, ‘ಅತ್ಗೆ, ಈ ವಯಸ್ಸಲ್ಲಿ ನಿಂಗ್ಯಾಕೆ ಇದೆಲ್ಲ? ಓಗೋ ಅಸು ಓಗ್ಲಿ ಬಿಡು’ ಎಂದ.

‘ಓಗೋದು ಬರೀ ಅಸು ಅಲ್ಲ ಕಣೋ, ನನ್ ಕೊಟ್ಟಿಗೆ. ಸುಮ್ಕೆ ಬಾಲ ಇಡ್ಕೊ’ ಎಂದೆ. ಹಿಡಿದ, ಪಾಪ.

ಮಣ್ಣಿನಲ್ಲಿ ಮಲಗಿ ಮೊಳಕೈಯವರೆಗೆ ತೂರಿಸಿದೆ. ಕರುವಿನ ಎದೆ ಸಿಕ್ಕಿತು. ‘ತಳ್ರಿ, ಹಿಂದಕ್ಕ ತಳ್ರಿ’ ಎಂದರು.

‘ಈಚೆಗೆ ತರೋದ್ ಬಿಟ್ಟು ಒಳಿಕ್ ತಳ್ಳೋದಾ?’

‘ಜಾಗಾ ಇಲ್ದ ತಲಿ ತಿರುಗೂದಿಲ್ರಿ. ಮೊದ್ಲ ಒಳಗ, ಆಮ್ಯಾಲ ಹೊರಗ. ಆಕಿ ತಿಣುಕಿ ಮುಕ್ಕಿದಾಗ ಸುಮ್ನಿರ್ರಿ, ಬಿಟ್ಟಾಗ ತಳ್ರಿ.’

ಅಷ್ಟರಲ್ಲಿ ಹಸು ಮುಕ್ಕಿತು. ಬಾಗಿಲಿನ ಸಂದಿಯಲ್ಲಿ ಕೈ ಸಿಕ್ಕಿದ ಹಾಗೆ. ‘ಅಯ್ಯೋ, ಮೂಳೆ ಮುರೀತದೆ ಡಾಕ್ಟ್ರೇ!’ ಎಂದು ಕೂಗಿದೆ. ಕೈ ಎಳೆದುಕೊಂಡುಬಿಡೋಣ ಎನ್ನಿಸಿತು.

ಆಗ ಅವರು ನನ್ನ ತಲೆಯ ಹತ್ತಿರ ಕೂತು, ಹಳೆಯ ದನಿಯಲ್ಲಿ ಮಾತು ಶುರುಮಾಡಿದರು. ‘ಫ್ರೀಸ್‌ಲ್ಯಾಂಡಿನ ಉತ್ತರದ ದಂಡಿಗೆ ಸಮುದ್ರ ಐತ್ರಿ. ದಿನಕ್ಕ ಎರಡು ಸಲ ಅದು ಎದ್ದು ಹೋಗ್ತದ. ನೀರ ಇರಂಗಿಲ್ಲ, ಬರೇ ಕೆಸರು. ಆಗ ಜನ ಸಮುದ್ರದ ತಳದ ಮ್ಯಾಲ ನಡಕೋತ ಎದುರಿನ ನಡುಗಡ್ಡಿಗೆ ಹೋಗ್ತಾರ. ಈಗ ಸುಮ್ನಿರ್ರಿ, ಮುಕ್ಕತಾಳ. ಒಬ್ಬರ ಹೋಗಬಾರದು, ದಾರಿ ಬಲ್ಲವ ಮುಂದ ಇರಬೇಕು. ನಾನೂ ಹೋಗಿದ್ನಿ. ಮೊಣಕಾಲ ತನಕ ಕೆಸರು. ಬಿಟ್ಟಳು, ತಳ್ರಿ. ನಿಂತ್ರ ಹುಗೀತದ. ನಡೀತಿರಬೇಕು. ನೀರು ವಾಪಸ್ ಬರೂ ಮುಂದ ಎದುರಿನಿಂದ ಬರಂಗಿಲ್ರಿ, ಹಿಂದಿನ ಕಾಲುವಿ ತುಂಬಿಕೋತ ಬರ್ತದ. ಅದರ ಜೋಡಿ ಹಟಾ ಮಾಡಬಾರದು. ನಿಂದ್ರು ಅಂದ್ರ ನಿಂದ್ರಬೇಕು. ನಿಂದ್ರಿ. ಹೂಂ, ಈಗ ನಡೀರಿ.’

ನಿಂತೆ, ತಳ್ಳಿದೆ, ನಿಂತೆ, ತಳ್ಳಿದೆ. ಒಂದು ಸಲ ತಳ್ಳಿದಾಗ ಕರು ಹಿಂದೆ ಸರಿಯಿತು. ಕುತ್ತಿಗೆಯುದ್ದಕ್ಕೂ ಬೆರಳು ಹರಿಸಿ ಅದರ ಬಾಯಿಗೆ ಹಾಕಿದೆ.

‘ಚೀಪ್ತಾ ಐತೆ!’

‘ಹಂಗಾದ್ರ ಜೀವ ಐತಿ. ಗದ್ದ ಹಿಡೀರಿ. ಬಿಡಬ್ಯಾಡ್ರಿ. ನಿಮ್ಮ ಕಡಿ ತಿರುಗಿಸ್ರಿ.’

ತಿರುಗಿತು. ಆಮೇಲೆ ಹಗ್ಗ ಕಟ್ಟಿ, ಹಸು ಮುಕ್ಕಿದಾಗ ಮಾತ್ರ ಎಳೆಯಲು ಮೈದುನನಿಗೆ ಹೇಳಿದರು. ಕರು ಜಾರಿ ಬಂತು. ಡಾಕ್ಟರು ಗೋಣಿಚೀಲದಿಂದ ಅದರ ಮೂಗು, ಎದೆ ತಿಕ್ಕಿದರು. ಅದು ಸೀನಿತು.

ಮೈದುನ ಕರುವಿನ ಹಿಂಗಾಲೆತ್ತಿ ನೋಡಿ, ‘ಥತ್, ಓರಿಕರ! ಇಷ್ಟೊಂದು ಮಾಡಿ ಓರಿಕರನಾ?’ ಎಂದ.

‘ಹುಟ್ಟೂ ಮುಂದ ನಿನ್ನ ಕೇಳಬೇಕಾಗಿತ್ತೇನು?’ ಎಂದರು ಡಾಕ್ಟರು.

ಕರು ಬದುಕಿತು. ಹಸು ಏಳಲಿಲ್ಲ. ಹೊಸ ಡಾಕ್ಟರು ಬಂದು ನರಕ್ಕೆ ಕ್ಯಾಲ್ಸಿಯಂ ಬಾಟಲಿ ಹಾಕಿ, ‘ಎಳೆದು ನರ ಜಗ್ಗಿದೆ ಅಜ್ಜಿ. ಎದ್ದರೆ ಉಳಿಯುತ್ತೆ, ಇಲ್ಲಾಂದ್ರೆ ಕಷ್ಟ’ ಎಂದು ಹೇಳಿ ಇನ್ನೊಂದು ಕಡೆ ಹೋದರು. ಮೈದುನ ಗೋಡೆಗೆ ಒರಗಿ ನಿಂತು ಕೊಟ್ಟಿಗೆಯ ಉದ್ದಗಲ ನೋಡುತ್ತಿದ್ದ. ನೋಡಲಿ, ಅವನ ಜಾಗವೇ. ಬಿಸಿಲು ಇಳಿಯುತ್ತಿತ್ತು. ನನ್ನ ತೋಳು ಕಪ್ಪುಗಟ್ಟಿ ಊದಿತ್ತು. ಮಾಡುವುದೆಲ್ಲ ಮುಗಿದಿತ್ತು.

ಡಾಕ್ಟರು ಬಕೆಟ್ಟಿನ ಮೇಲೆ, ಹಸುವಿಗೆ ಬೆನ್ನು ಹಾಕಿ ಕೂತಿದ್ದರು. ಕೂತಲ್ಲಿಂದಲೇ ಕೇಳಿದರು, ‘ಹೆಂಗಿತ್ರಿ ಅಕ್ಕಾರ, ಒಳಗ?’

ಇವರಿಗೆ ಗೊತ್ತಿಲ್ಲದ್ದೇ ಎಂದುಕೊಂಡೆ. ಆದರೆ ಅವರ ಮುಖ ನೋಡಿ ಹೇಳಿದೆ. ‘ಬಿಸಿ ಡಾಕ್ಟ್ರೇ. ಅಂಡೆ ನೀರಿನಂಗೆ ಬಿಸಿ.’

‘ಹೂಂ.’

‘ಒಸ್ತಿಲಂಗೆ ಒಂದು ಮೂಳೆ. ಅದು ದಾಟೋ ತಂಕ ಇಕ್ಕಟ್ಟು. ದಾಟಿದ ಮ್ಯಾಲೆ ದೊಡ್ಡ ಮನೆ.’

‘ದೊಡ್ಡ ಮನಿ’ ಎಂದರು. ಕಣ್ಣು ಮುಚ್ಚಿಕೊಂಡಿದ್ದರು. ‘ಎಡಗಡೆ ಮೆತ್ತಗ ಏನರ ತಾಗಿತೇನ್ರಿ?’

‘ಇಟ್ಟಿನ ಮೂಟೆಯಂಗೆ ಏನೋ ಇತ್ತು. ಒಳಗೇ ಮಿಸುಕ್ತಿತ್ತು.’

‘ಅದು ಆಕಿ ಹೊಟ್ಟಿ. ಮೇವು ತಿರುವ್ತಿರ್ತದ. ನೋವಿನಾಗೂ ತಿರುವ್ತದ ನೋಡ್ರಿ. ಮುಂದ ಹೇಳ್ರಿ.’

‘ಕರದ ನಾಲ್ಗೆ ಬೆಕ್ಕಿನ ನಾಲ್ಗೆಯಂಗೆ ಒರಟು. ಬಾಯಲ್ಲಿ ಅಲ್ಲು ಆಗ್ಲೇ ಬಂದವೆ. ಕತ್ಲು. ಆದ್ರೂ ಭಯ ಆಗ್ಲಿಲ್ಲ.’

ಅವರ ಬೆನ್ನ ಹಿಂದೆ ಹುಲ್ಲು ಸರಬರ ಅಂದಿತು. ಹಸು ಹಿಂದಿನ ಕಾಲು ಊರಿ ಸೊಂಟ ಎತ್ತಿತು, ನಡುಗಿತು, ಮುಂಗಾಲು ಬಿಡಿಸಿತು. ನಿಂತಿತು. ನಿಂತು ಜೋರಾಗಿ ಗಂಜಲ ಹೊಯ್ದಿತು. ಮೈದುನ, ‘ಎದ್ದೇ ಬಿಡ್ತಲ್ಲಪ್ಪ’ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನಾನು ಏಳಲು ಹೋದೆ.

ಡಾಕ್ಟರು ಕಣ್ಣು ಬಿಡಲಿಲ್ಲ, ತಿರುಗಿಯೂ ನೋಡಲಿಲ್ಲ. ‘ಎದ್ಲಲ್ಲ, ಬಿಡ್ರಿ, ನಿಂತಿರ್ತಾಳ’ ಎಂದರು. ‘ತಲಿ ತಿರುಗೂ ಮುಂದ ಹೆಂಗಿತ್ತು? ಅದನ್ನ ಬಿಡಬ್ಯಾಡ್ರಿ.’

ನಾನು ಮತ್ತೆ ಕೂತು ಹೇಳತೊಡಗಿದೆ.